ರೇಷ್ಮೆ ಹುಳುವಿಗೆ ಸೊಪ್ಪು ತಪ್ಪಿಸದವನು ಬರವಣಿಗೆಯನ್ನು ಮಾತ್ರ ನಾಳೆಗೆ ನೂಕುವುದೇಕೆ?

ಪ್ರಶ್ನೆ ಕೇಳಿದವರು: ಶಿಡ್ಲಘಟ್ಟದ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕ. ಕೆಲಸದ ಜೊತೆಯಲ್ಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದು, ಈಗ ಐದನೆಯ ವರ್ಷ ನಡೆಯುತ್ತಿದೆ. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುತ್ತಿದ್ದ ನಮ್ಮ ಭಾಗದ ನೀರುಗಂಟಿಗಳ ಕುರಿತು ನನ್ನ ಅಧ್ಯಯನ. ಊರೂರು ಸುತ್ತಿ, ಆ ಮನೆತನಗಳ ಹಿರಿಯರನ್ನು ಮಾತನಾಡಿಸಿ, ಧ್ವನಿ ಮುದ್ರಿಸಿಕೊಂಡು ಬರುವ ಕೆಲಸವನ್ನು ಎರಡು ವರ್ಷಗಳಲ್ಲಿ ಸಂತೋಷದಿಂದಲೇ ಮುಗಿಸಿದೆ. ಮೊದಲ ಎರಡು ಅಧ್ಯಾಯಗಳೂ ಸಿದ್ಧವಾದವು. ಆದರೆ ಆ ಹಿರಿಯರ ಮಾತುಗಳನ್ನು ಆಧರಿಸಿ ಬರೆಯಬೇಕಾದ ಮೂರನೆಯ ಅಧ್ಯಾಯ ಹನ್ನೊಂದು ತಿಂಗಳಿನಿಂದ ನಾಲ್ಕೇ ಪುಟಕ್ಕೆ ನಿಂತುಬಿಟ್ಟಿದೆ.

ಸಮಯವಿಲ್ಲ ಎಂದರೆ ಸುಳ್ಳಾಗುತ್ತದೆ. ರಾತ್ರಿ ಊಟವಾದ ಮೇಲೆ ಒಂಬತ್ತರಿಂದ ಹನ್ನೊಂದರವರೆಗೆ ಮನೆಯಲ್ಲಿ ಯಾರೂ ನನ್ನನ್ನು ಮಾತನಾಡಿಸುವುದಿಲ್ಲ. ಲ್ಯಾಪ್‌ಟಾಪ್ ತೆರೆಯುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಹಳೆಯ ಟಿಪ್ಪಣಿಗಳನ್ನು ಯೂನಿಕೋಡ್‌ಗೆ ಪರಿವರ್ತಿಸುತ್ತೇನೆ. ಪರಿವರ್ತನೆಯಲ್ಲಿ ಕೆಟ್ಟುಹೋದ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದುತ್ತೇನೆ. ಪುಟದ ಅಂಚು ಸರಿಪಡಿಸುತ್ತೇನೆ. ಧ್ವನಿಮುದ್ರಿಕೆಗಳಿಗೆ ಹೊಸ ಹೆಸರು ಕೊಟ್ಟು ಸಾಲಾಗಿ ಜೋಡಿಸುತ್ತೇನೆ. ಇನ್ನೊಂದು ಶಾಸನ ಸಂಪುಟವನ್ನು ನೋಡಿಕೊಂಡು ಬರೆದರೆ ಗಟ್ಟಿಯಾಗಿರುತ್ತದೆ ಎಂದು ಅನಿಸುತ್ತದೆ. ಅಷ್ಟರಲ್ಲಿ ಫೋನು ಕೈಗೆ ಬಂದಿರುತ್ತದೆ, ಗಂಟೆ ಹನ್ನೊಂದಾಗಿರುತ್ತದೆ. ಆರು ತಿಂಗಳಿಗೊಮ್ಮೆ ಒಪ್ಪಿಸಬೇಕಾದ ಪ್ರಗತಿ ವರದಿಯಲ್ಲಿ ಎರಡು ಸಲವೂ ‘ಮೂರನೆಯ ಅಧ್ಯಾಯ ಪ್ರಗತಿಯಲ್ಲಿದೆ’ ಎಂದೇ ಬರೆದಿದ್ದೇನೆ.

ಇಷ್ಟೇ ಆಗಿದ್ದರೆ ನಾನು ಸೋಮಾರಿ ಎಂದು ಒಪ್ಪಿಕೊಂಡು ಸುಮ್ಮನಿರುತ್ತಿದ್ದೆ. ನಮ್ಮ ಮನೆಯಲ್ಲಿ ರೇಷ್ಮೆ ಸಾಕಣೆ ಇದೆ. ಅಪ್ಪನಿಗೆ ಮಂಡಿನೋವು ಬಂದ ಮೇಲೆ ಹೆಚ್ಚಿನ ಕೆಲಸ ನನ್ನ ಪಾಲಿಗೇ ಬಂದಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಬಿಸಿಲೇರುವ ಮೊದಲೇ ಸೊಪ್ಪು ಕೊಯ್ದು ತಂದು ಹಾಕಿ ಕಾಲೇಜಿಗೆ ಹೋಗುತ್ತೇನೆ. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳು ಒಂದು ವಾರ ಹೇಗೆ ತಿನ್ನುತ್ತದೆಂಬುದನ್ನು ನೋಡಿದವರೇ ಬಲ್ಲರು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಹತ್ತಕ್ಕೆ ಎಂಟು ಪಾಲು ಆ ಒಂದು ವಾರಕ್ಕೇ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಹೊತ್ತಿನ ಸೊಪ್ಪನ್ನೂ ನಾನು ತಪ್ಪಿಸಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಅದನ್ನು ಚಂದ್ರಿಕೆಯೆಂಬ ತಟ್ಟೆಗೆ ಬಿಡುವ ದಿನ ಊಟದ ನೆನಪೂ ಇರುವುದಿಲ್ಲ. ಹಾಗಿದ್ದ ಮೇಲೆ ಅದೇ ಮನುಷ್ಯ, ಅದೇ ದಿನ, ರಾತ್ರಿ ಒಂಬತ್ತಕ್ಕೆ ಏಕೆ ಬದಲಾಗುತ್ತಾನೆ?

ನಾನು ಚಿಕ್ಕವನಾಗಿದ್ದಾಗ, ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಎಂಬ ವದಂತಿ ಹಬ್ಬಿ, ನಮ್ಮ ಕಡೆಯ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿದ್ದರು. ದೆವ್ವ ಅದನ್ನು ಓದಿ ಹಿಂತಿರುಗಿ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ ಎಂಬುದು ನಂಬಿಕೆ. ನನ್ನ ಅಧ್ಯಾಯಕ್ಕೆ ಈಗ ಅದೇ ಗತಿಯಾಗಿದೆ. ನಾಲ್ಕು ಗಂಟೆಗೆ ಏಳುವುದು, ವೇಳಾಪಟ್ಟಿ ಗೋಡೆಗೆ ಅಂಟಿಸುವುದು, ಫೋನಿಗೆ ಬೀಗ ಹಾಕುವ ಆ್ಯಪು, ಎಲ್ಲವನ್ನೂ ಮಾಡಿ ನೋಡಿದ್ದೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಒಂದು ಸಲಹೆಯನ್ನು ಬಿಟ್ಟು, ಇಂಥ ಕೆಲಸವನ್ನು ನಿಜವಾಗಿ ಮುಗಿಸಿದವರು ಹೇಗೆ ಮುಗಿಸಿದಿರೆಂದು ತಿಳಿಸಿದರೆ ಉಪಕಾರವಾಗುತ್ತದೆ. ಮುದ್ದೇನಹಳ್ಳಿಯ ಸರ್ ಎಂ.ವಿ. ಅವರ ಉದಾಹರಣೆಯೂ ದಯವಿಟ್ಟು ಬೇಡ. ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಒಂದನೆಯ ತರಗತಿಯಿಂದಲೂ ಆ ಹೆಸರನ್ನು ಹೇಳಿಯೇ ಹೆದರಿಸಿರುತ್ತಾರೆ.

ಉತ್ತರ 1: ಕೋಲಾರದ ಮಂಡಿ ಗುಮಾಸ್ತ

ಉಪನ್ಯಾಸಕರೇ, ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು; ಅಂಚೆ ಶಿಕ್ಷಣದಲ್ಲಿ ಎಂ.ಕಾಂ. ಮುಗಿಸಿದ್ದು ಒಂದು ಟೊಮೆಟೊ ವಿದ್ಯೆಯಿಂದಲೇ ಎಂದರೆ ನಗಬೇಡಿ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ, ಓದಿನ ಮೇಲೆ ಗಮನ ನಿಲ್ಲದೆ, ಅಡುಗೆಮನೆಯಲ್ಲಿದ್ದ ಟೊಮೆಟೊ ಆಕಾರದ ಗಡಿಯಾರವನ್ನು ತಿರುಗಿಸಿಟ್ಟುಕೊಂಡು, ಅದು ಗಂಟೆ ಬಾರಿಸುವವರೆಗೆ ಮಾತ್ರ ಓದುತ್ತೇನೆಂದು ಕುಳಿತನಂತೆ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಇಟಲಿಯ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುತ್ತಾರೆ. ವಿಧಾನಕ್ಕೂ ಅದೇ ಹೆಸರು ನಿಂತಿತು. ಹದಿನೈದು ಕೆ.ಜಿ. ಬಾಕ್ಸುಗಳ ರಾಶಿಯ ನಡುವೆ ದಿನ ಕಳೆಯುವ ನನಗೆ ಇದನ್ನು ಇಟಲಿಯವನು ಹೇಳಿಕೊಡಬೇಕಾಯಿತು.

ಈ ವಿಧಾನದ ಗುಣವಿರುವುದು ಇಪ್ಪತ್ತೈದು ಎಂಬ ಸಂಖ್ಯೆಯಲ್ಲಿ ಅಲ್ಲ. ‘ಅಧ್ಯಾಯ ಮುಗಿಸಬೇಕು’ ಎಂಬ ಬೆಟ್ಟದ ಬದಲು ‘ಗಂಟೆ ಬಾರಿಸುವವರೆಗೆ ಕುಳಿತಿರಬೇಕು’ ಎಂಬ ಮೆಟ್ಟಿಲು ಕಣ್ಣೆದುರಿಗಿರುತ್ತದೆ, ಅಷ್ಟೆ. ಲೆಕ್ಕಪತ್ರದಂಥ ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬರವಣಿಗೆಯಲ್ಲಿ ಮಾತು ಕೂಡಿಬರುವ ಹೊತ್ತಿಗೇ ಗಂಟೆ ಬಾರಿಸಿ ಕೆಡಿಸುವುದೂ ಉಂಟು. ಅಂಥ ಹೊತ್ತಿನಲ್ಲಿ ಗಂಟೆಯನ್ನು ನಿಲ್ಲಿಸಿ ಮುಂದುವರಿಯಬಹುದು, ಯಾರೂ ದಂಡ ಹಾಕುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಗಡಿಯಾರವನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಗಂಟೆ ನೋಡಲು ಹೋದವನು ವಾಟ್ಸ್‌ಆ್ಯಪಿನಿಂದ ಹಿಂತಿರುಗುವುದಿಲ್ಲ.

ಉತ್ತರ 2: ಚಿಂತಾಮಣಿಯ ನಿವೃತ್ತ ಮೇಷ್ಟ್ರು

ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ನಾನು. ನೀವು ಬೇಡವೆಂದ ಸಲಹೆಯನ್ನೇ ಕೊಡಬೇಕೆಂದು ಬಾಯಿಗೆ ಬಂದಿತ್ತು, ತಡೆದುಕೊಂಡಿದ್ದೇನೆ. ಆದರೂ ಒಂದು ಮಾತು. ಒತ್ತಕ್ಷರ ತಿದ್ದುವುದನ್ನೂ ಅಂಚು ಸರಿಪಡಿಸುವುದನ್ನೂ ನೀವು ಕೆಲಸವೆಂದು ಎಣಿಸಿದ್ದೀರಿ. ನನ್ನ ತರಗತಿಯಲ್ಲಿ ಪ್ರಬಂಧ ಬರೆಯಲು ಹೇಳಿದರೆ, ಸ್ಕೇಲಿನಿಂದ ಗೆರೆ ಎಳೆದು, ತಲೆಬರಹಕ್ಕೆ ಬಣ್ಣ ತುಂಬುತ್ತ ಒಂದು ಪೀರಿಯಡ್ಡನ್ನೇ ಕಳೆಯುವ ಹುಡುಗರಿದ್ದರು. ಅವರು ದಡ್ಡರೇನಲ್ಲ. ಮೊದಲ ವಾಕ್ಯ ತಪ್ಪಾದರೆ ಎಲ್ಲರೂ ನೋಡುತ್ತಾರೆಂಬ ಹೆದರಿಕೆ ಅವರಿಗೆ. ಅಂಥವರ ಪಕ್ಕದಲ್ಲಿ ಕುಳಿತು, ‘ಬಾಯಲ್ಲಿ ಹೇಳು, ನಾನು ಬರೆದುಕೊಳ್ಳುತ್ತೇನೆ’ ಎಂದರೆ ಹತ್ತು ನಿಮಿಷದಲ್ಲಿ ಒಂದು ಪುಟವಾಗುತ್ತಿತ್ತು.

ನಿಮ್ಮ ಪಕ್ಕದಲ್ಲಿ ಕೂರಲು ನನ್ನಿಂದಾಗದು. ಪ್ರತಿ ಶುಕ್ರವಾರ ಸಂಜೆಯೊಳಗೆ ಎಷ್ಟು ಪುಟವಾಗಿದೆಯೋ ಅಷ್ಟನ್ನು, ಚೆನ್ನಾಗಿಲ್ಲದಿದ್ದರೂ, ನನಗೆ ಕಳುಹಿಸಿ. ಇತಿಹಾಸ ನನಗೆ ತಿಳಿಯದು. ಕನ್ನಡವನ್ನು ಓದಿ ಹೇಳಬಲ್ಲೆ. ನಿವೃತ್ತನಿಗೆ ಸಮಯವೊಂದು ಬೇಕಾದಷ್ಟಿದೆ.

ಉತ್ತರ 3: ತುಮಕೂರಿನ ರೈಲು ಪ್ರಯಾಣಿಕ

ಮೇಷ್ಟ್ರು ಹೇಳಿದ ಹುಡುಗರ ಮಾತಿಗೆ ಸಂಶೋಧನೆಯ ಆಧಾರವೂ ಇದೆ. ನನ್ನ ಪಿಎಚ್.ಡಿ.ಗೆ ಏಳು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷವನ್ನು ನಿಮ್ಮ ಹಾಗೆಯೇ ಕಳೆದು, ಕೊನೆಗೆ ಮುಂದೂಡುವ ಚಟದ ಬಗ್ಗೆಯೇ ಓದಲು ಕುಳಿತೆ. ಅದೂ ಪ್ರಬಂಧವನ್ನು ಮುಂದೂಡುವ ಒಂದು ಉಪಾಯವೇ ಆಗಿತ್ತೆಂದು ಈಗ ಗೊತ್ತಾಗುತ್ತದೆ. ಕೆನಡಾದ ಪಿಯರ್ಸ್ ಸ್ಟೀಲ್ ಎಂಬವರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕೆಲಸ ಅಹಿತಕರವಾಗಿರುವುದು, ಅದರ ಫಲ ಬಹಳ ದೂರದಲ್ಲಿರುವುದು, ಇದು ತನ್ನಿಂದ ಆದೀತೆಂಬ ನಂಬಿಕೆ ಕಡಿಮೆಯಿರುವುದು, ಕ್ಷಣದ ಸೆಳೆತಕ್ಕೆ ಮನಸ್ಸು ಬೇಗ ಒಲಿಯುವುದು ಇವು ಮುಂದೂಡುವಿಕೆಯ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿವೆ. ‘ನಾನು ಎಲ್ಲವನ್ನೂ ಪರಿಪೂರ್ಣವಾಗಿ ಮಾಡುವವನು, ಅದಕ್ಕೇ ತಡ’ ಎಂದು ನಾವು ಹೇಳಿಕೊಳ್ಳುವ ಗೌರವದ ಕಾರಣಕ್ಕೆ ಅಲ್ಲಿ ಹೆಚ್ಚಿನ ಬಲ ಸಿಗಲಿಲ್ಲ. 2013ರಲ್ಲಿ ಫ್ಯೂಷಿಯಾ ಸಿರೋಯಿಸ್ ಮತ್ತು ಟಿಮೊಥಿ ಪಿಚಿಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದೂಡುವಿಕೆಯನ್ನು ಸಮಯ ನಿರ್ವಹಣೆಯ ಸೋಲೆಂದು ನೋಡುವುದಕ್ಕಿಂತ, ಕೆಲಸವನ್ನು ನೆನೆದಾಗ ಹುಟ್ಟುವ ಕಸಿವಿಸಿಯನ್ನು ಆ ಕ್ಷಣಕ್ಕೆ ಕಳೆದುಕೊಳ್ಳುವ ದಾರಿಯೆಂದು ನೋಡಬೇಕು ಎಂದು ವಾದಿಸಿದರು. ನಾಲ್ಕು ಗಂಟೆಗೆ ಎದ್ದದ್ದೂ ವೇಳಾಪಟ್ಟಿ ಅಂಟಿಸಿದ್ದೂ ಏಕೆ ಫಲಿಸಲಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಕಸಿವಿಸಿಗೆ ಮದ್ದು ಮಾಡದೆ ಸಮಯವನ್ನು ಎಷ್ಟು ಹೆಚ್ಚಿಸಿದರೂ, ಅಷ್ಟೂ ಸಮಯ ಒತ್ತಕ್ಷರ ತಿದ್ದುವುದಕ್ಕೇ ಹೋಗುತ್ತದೆ.

ಈಗ ನಿಮ್ಮ ಹುಳುಮನೆಯನ್ನು ನೋಡೋಣ. ಅಲ್ಲಿ ಮುಂದೇನು ಮಾಡಬೇಕೆಂದು ಯೋಚಿಸುವ ಹಾಗೇ ಇಲ್ಲ. ಸೊಪ್ಪು ಮುಗಿದಿದೆ, ಹಾಕಬೇಕು. ಫಲ ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಕೈಗೆ ಸಿಗುತ್ತದೆ. ತಪ್ಪಿದರೆ ಮರುದಿನ ಬೆಳಿಗ್ಗೆಯೇ ಕಣ್ಣಿಗೆ ಕಾಣುತ್ತದೆ, ಅಪ್ಪನೂ ಕೇಳುತ್ತಾರೆ. ಅಧ್ಯಾಯದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಅದು ಹಸಿದರೂ ಕೂಗುವುದಿಲ್ಲ. ಆದ್ದರಿಂದ ನೀವು ಎರಡು ಬಗೆಯ ಮನುಷ್ಯರೇನಲ್ಲ. ಒಂದು ಕೆಲಸ ತನ್ನ ಗಡುವನ್ನು ತಾನೇ ಹೊತ್ತು ತರುತ್ತದೆ, ಇನ್ನೊಂದಕ್ಕೆ ನಾವೇ ಹೊರಗಿನಿಂದ ಕಟ್ಟಿಕೊಡಬೇಕು.

ಹಾಗೆ ಕಟ್ಟುವಾಗ ಗಡುವನ್ನು ನಮಗೆ ನಾವೇ ಹಾಕಿಕೊಳ್ಳುವುದಕ್ಕಿಂತ ಬೇರೊಬ್ಬರಿಂದ ಹಾಕಿಸಿಕೊಳ್ಳುವುದು ಮೇಲು. ಅಮೆರಿಕದ ಎಂಐಟಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂರು ಪ್ರಬಂಧಗಳಿಗೆ ಸಮಾನ ಅಂತರದ ಗಡುವನ್ನು ಅಧ್ಯಾಪಕರೇ ಗೊತ್ತುಮಾಡಿದ ತರಗತಿ, ಗಡುವನ್ನು ತಾವೇ ಆರಿಸಿಕೊಂಡ ತರಗತಿಗಿಂತ ಹೆಚ್ಚು ಅಂಕ ಪಡೆಯಿತು. ಆದ್ದರಿಂದ ಮೇಷ್ಟ್ರ ಶುಕ್ರವಾರವನ್ನು ಕೈಬಿಡಬೇಡಿ. ನನ್ನ ವಿಷಯದಲ್ಲಿ ಆ ಕೆಲಸ ಮಾಡಿದವರು ದಿನವೂ ನನ್ನ ಜೊತೆ ತುಮಕೂರಿನಿಂದ ಬೆಂಗಳೂರಿಗೆ ಬರುತ್ತಿದ್ದ ಒಬ್ಬ ಬ್ಯಾಂಕ್ ನೌಕರರು. ನನ್ನ ವಿಷಯದ ಗಂಧಗಾಳಿಯೂ ಇಲ್ಲದ ಅವರು, ರೈಲು ಕ್ಯಾತ್ಸಂದ್ರ ದಾಟುತ್ತಿದ್ದಂತೆಯೇ ‘ನಿನ್ನೆ ಬರೆದದ್ದು ಓದಿ’ ಎಂದು ಕೇಳುತ್ತಿದ್ದರು. ಓದಲು ಏನೂ ಇಲ್ಲದ ದಿನ ಬೇರೆ ಬೋಗಿ ಹತ್ತಿದ್ದೂ ಉಂಟು.

ಎರಡನೆಯದಾಗಿ, ‘ರಾತ್ರಿ ಬರೆಯುತ್ತೇನೆ’ ಎಂಬುದು ಸಂಕಲ್ಪವೇ ಹೊರತು ಯೋಜನೆಯಲ್ಲ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರಿಸಿದ ಪ್ರಕಾರ, ಯಾವಾಗ, ಎಲ್ಲಿ, ಏನಾದ ಮೇಲೆ ಏನು ಮಾಡುವುದು ಎಂದು ಮೊದಲೇ ಜೋಡಿಸಿಟ್ಟರೆ ಕೆಲಸ ಆರಂಭವಾಗುವ ಸಾಧ್ಯತೆ ಹೆಚ್ಚುತ್ತದೆ. ‘ತಟ್ಟೆ ತೊಳೆದಿಟ್ಟ ಕೂಡಲೇ, ಹಿಂಬದಿಯ ಕೋಣೆಯಲ್ಲಿ, ಇಂಥ ಹಿರಿಯರ ಧ್ವನಿಮುದ್ರಿಕೆಯ ಮೊದಲ ಹತ್ತು ನಿಮಿಷ ಕೇಳಿ, ಕೇಳಿದ್ದನ್ನು ಐದು ವಾಕ್ಯದಲ್ಲಿ ಬರೆಯುತ್ತೇನೆ’ ಎಂಬಷ್ಟು ಸಣ್ಣದಾಗಿ, ಅಷ್ಟು ಖಚಿತವಾಗಿ ಇರಲಿ. ದಿನಗಳ ಲೆಕ್ಕ ಹಾಕುವಾಗ ಮಾತ್ರ ಧಾರಾಳವಾಗಿರಿ. 1994ರ ಒಂದು ಅಧ್ಯಯನದಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜಿಸಿದ್ದರು; ಹಿಡಿದದ್ದು 55 ದಿನ.

ಕೊನೆಗೆ ನನ್ನದೊಂದು ಅನುಮಾನ, ತಪ್ಪಾಗಿದ್ದರೆ ಮನ್ನಿಸಿ. ಮೊದಲೆರಡು ಅಧ್ಯಾಯಗಳನ್ನು ಬರೆದ ಕೈ ಮೂರನೆಯದರಲ್ಲೇ ನಿಂತಿತೆಂದರೆ, ಕಸಿವಿಸಿ ಇರುವುದು ಬರವಣಿಗೆಯಲ್ಲಿ ಅಲ್ಲ, ಆ ಅಧ್ಯಾಯದ ಒಳಗೇ ಎಲ್ಲೋ ಇದೆ. ಅದನ್ನು ಹುಡುಕಿ. ಕಳೆದುಹೋದ ಹನ್ನೊಂದು ತಿಂಗಳಿಗಾಗಿ ನಿಮ್ಮನ್ನು ನೀವು ಬೈದುಕೊಳ್ಳುವುದನ್ನೂ ನಿಲ್ಲಿಸಿ. ಇದು ಸಮಾಧಾನದ ಮಾತಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲಿನ 2010ರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ದಿನ ದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂದಿತು.

ಉತ್ತರ 4: ಗೌರಿಬಿದನೂರಿನ ಅನುವಾದಕಿ

ಮೇಲಿನ ಮೂವರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಯಾರೂ ಮಾತನಾಡಿಸುವುದಿಲ್ಲ ಎಂದು ನೀವು ಬರೆದದ್ದನ್ನು ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಪುಟಕ್ಕೆ ಇಷ್ಟೆಂದು ಹಣ ಪಡೆದು ಮನೆಯಲ್ಲೇ ಅನುವಾದ ಮಾಡುವವಳು ನಾನು. ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಯಾರೂ ಅಡ್ಡಿಪಡಿಸದ ಎರಡು ಗಂಟೆಯನ್ನು ನಾನು ಮದುವೆಯಾದ ಮೇಲೆ ನೋಡಿಲ್ಲ. ಏಕಾಗ್ರತೆಯ ಬಗ್ಗೆ ಬರುವ ಉಪದೇಶಗಳಲ್ಲಿ ಬಹುಪಾಲು, ಕುಕ್ಕರಿನ ಸೀಟಿಯನ್ನು ಬೇರೆ ಯಾರೋ ಎಣಿಸುತ್ತಿರುವ ಮನೆಗಳಲ್ಲಿ ಹುಟ್ಟಿದವು ಎಂದು ನನ್ನ ಅಭಿಪ್ರಾಯ.

ತುಂಡು ಸಮಯದಲ್ಲಿ ಕೆಲಸ ಮಾಡುವವರಿಗೆ ಕಷ್ಟವಿರುವುದು ಬಿಟ್ಟದ್ದನ್ನು ಮತ್ತೆ ಹಿಡಿಯುವುದರಲ್ಲಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಮೊದಲಿನದರಲ್ಲೇ ಉಳಿದುಬಿಡುತ್ತದೆಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದನ್ನು ನಾನು ಅನುವಾದಿಸಿದ ತರಬೇತಿ ಪಠ್ಯವೊಂದರಲ್ಲಿ ಓದಿದ್ದೆ. ಸಾರು ಉಕ್ಕಿಸಿದವರಿಗೆಲ್ಲ ಅದು ಮೊದಲೇ ಗೊತ್ತಿರುತ್ತದೆ. ಏಳಬೇಕಾಗಿ ಬಂದಾಗ, ಮುಂದಿನ ವಾಕ್ಯದಲ್ಲಿ ಏನು ಹೇಳಬೇಕಿತ್ತು ಎಂಬುದನ್ನು ಮುರುಕು ಕನ್ನಡದಲ್ಲಾದರೂ ಒಂದು ಸಾಲು ಗೀಚಿಟ್ಟೇ ನಾನು ಏಳುತ್ತೇನೆ. ಹಿಂತಿರುಗಿ ಬಂದಾಗ ಖಾಲಿ ಪುಟ ಎದುರಾಗುವುದಿಲ್ಲ.

ಇನ್ನೊಂದು ವಿಷಯ. ಐದಕ್ಕೆ ಎದ್ದು ಸೊಪ್ಪು ಕೊಯ್ದು, ದಿನವಿಡೀ ಪಾಠ ಮಾಡಿ, ಸಂಜೆ ಮತ್ತೆ ಸೊಪ್ಪು ಹಾಕಿದ ಮನುಷ್ಯ ರಾತ್ರಿ ಒಂಬತ್ತಕ್ಕೆ ಬರೆಯಲಾರದಿದ್ದರೆ ಅದನ್ನು ಮುಂದೂಡುವಿಕೆ ಎಂದೇ ಏಕೆ ಕರೆಯಬೇಕು? ಅದು ದಣಿವೂ ಆಗಿರಬಹುದು. ನನ್ನ ತವರಿನಲ್ಲೂ ಹುಳು ಸಾಕುತ್ತಿದ್ದರು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಅಲುಗಿಸಲೂಬಾರದು ಎಂದು ಅಮ್ಮ ಗದರುತ್ತಿದ್ದಳು. ಜ್ವರ ಎದ್ದ ಮೇಲೆ ಮಾತ್ರ ಒಂದು ಹೊತ್ತೂ ತಪ್ಪುವಂತಿರಲಿಲ್ಲ. ಬೆಳೆಯ ಕೊನೆಯ ವಾರ ಅಧ್ಯಾಯವನ್ನು ಮುಟ್ಟುವುದಿಲ್ಲವೆಂದು ಮೊದಲೇ ತೀರ್ಮಾನಿಸಿಬಿಡಿ; ಮೇಷ್ಟ್ರಿಗೂ ತಿಳಿಸಿಬಿಡಿ. ಉಳಿದ ದಿನಗಳಲ್ಲಿ ರಾತ್ರಿಯನ್ನು ಬಿಟ್ಟು, ಕಾಲೇಜಿನಲ್ಲಿ ತರಗತಿಯಿಲ್ಲದ ಒಂದು ಪೀರಿಯಡ್ಡನ್ನು ಬಳಸಿ ನೋಡಿ.

ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ನಂತರ

ಎಲ್ಲರಿಗೂ ತಡವಾಗಿ ಧನ್ಯವಾದಗಳು. ಈ ತಡಕ್ಕೆ ಬರವಣಿಗೆಯೇ ಕಾರಣ ಎಂದು ಹೇಳಲು ಸಂತೋಷವಾಗುತ್ತದೆ. ಗೌರಿಬಿದನೂರಿನ ಅಕ್ಕ ಹೇಳಿದಂತೆ ಮಧ್ಯಾಹ್ನ ತರಗತಿಯಿಲ್ಲದ ಪೀರಿಯಡ್ಡಿನಲ್ಲಿ, ಗ್ರಂಥಾಲಯದ ಮೂಲೆಯಲ್ಲಿ, ಲ್ಯಾಪ್‌ಟಾಪ್ ಒಯ್ಯದೆ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ನೋಟ್‌ಬುಕ್ಕಿನಲ್ಲಿ ಅಂಚು ಸರಿಪಡಿಸುವ ಅವಕಾಶವೇ ಇಲ್ಲ. ಹದಿನೈದು ದಿನಗಳಲ್ಲಿ ಒಂಬತ್ತು ದಿನ ಬರೆದೆ. ಎರಡು ದಿನ ಹುಳು ಚಂದ್ರಿಕೆಗೆ ಬಿಡುವ ಕೆಲಸವಿತ್ತು, ಎರಡು ಭಾನುವಾರ. ಉಳಿದೆರಡು ದಿನಕ್ಕೆ ನೆಪವಿಲ್ಲ. ಸ್ಟಾಫ್ ರೂಮಿನಲ್ಲಿ ಹರಟೆ ಹೊಡೆದೆ.

ತುಮಕೂರಿನವರ ಅನುಮಾನ ನಿಜವಾಗಿತ್ತು. ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ ಕೇಳುತ್ತ ಹೋದಾಗ ಆರನೆಯದಕ್ಕೆ ಬಂದೆ. ಅದನ್ನು ಮುದ್ರಿಸಿಕೊಂಡ ದಿನದಿಂದ ಮತ್ತೆ ತೆರೆದೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಸರದಿಯಲ್ಲಿ ನೀರು ಎಲ್ಲರಿಗೂ ನ್ಯಾಯವಾಗಿ ಸಿಗುತ್ತಿತ್ತೆಂದು ನಾನು ಎರಡನೆಯ ಅಧ್ಯಾಯದಲ್ಲಿ ಉತ್ಸಾಹದಿಂದ ಬರೆದುಬಿಟ್ಟಿದ್ದೆ. ಆ ಧ್ವನಿಮುದ್ರಿಕೆಯ ಅಜ್ಜ, ಬೇಸರವನ್ನೂ ತೋರಿಸದೆ, ತೂಬು ಎತ್ತುತ್ತಿದ್ದವರು ತಾವಾದರೂ ತಮ್ಮ ತುಂಡು ಹೊಲಕ್ಕೆ ನೀರು ಬರುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಕೆಲವು ವರ್ಷ ಅದೂ ಇಲ್ಲ ಎಂದು ಹೇಳಿದ್ದಾರೆ. ಅವರ ಮಾತನ್ನು ಬರೆದರೆ ಎರಡನೆಯ ಅಧ್ಯಾಯ ನಿಲ್ಲುವುದಿಲ್ಲ. ಹನ್ನೊಂದು ತಿಂಗಳು ನಾನು ಒತ್ತಕ್ಷರ ತಿದ್ದುತ್ತಿದ್ದುದು ಇದಕ್ಕಾಗಿ. ಮಾರ್ಗದರ್ಶಕರಿಗೆ ಹೇಳಿದೆ, ಅವರು ಗದರುತ್ತಾರೆಂದುಕೊಂಡಿದ್ದೆ, ಈಗ ನಿಮ್ಮ ಪ್ರಬಂಧ ಶುರುವಾಯಿತು ಎಂದರು. ಎರಡನೆಯ ಅಧ್ಯಾಯವನ್ನು ತಿದ್ದಬೇಕು, ಅವಧಿ ವಿಸ್ತರಣೆಗೆ ಅರ್ಜಿ ಹಾಕಬೇಕಾಗಿಯೂ ಬರಬಹುದು.

ಮಂಡಿ ಗುಮಾಸ್ತರೇ, ಟೊಮೆಟೊ ಗಡಿಯಾರ ಇಲ್ಲಿ ಸಿಗಲಿಲ್ಲ. ಕಾಲೇಜಿನ ಗಂಟೆಯೇ ಸಾಕಾಗಿದೆ. ಮೇಷ್ಟ್ರೇ, ಎರಡು ಶುಕ್ರವಾರ ಸೇರಿ ಏಳು ಪುಟ ಕಳುಹಿಸಿದ್ದೇನೆ.

ಚಿಂತಾಮಣಿಯ ನಿವೃತ್ತ ಮೇಷ್ಟ್ರು

ತಲುಪಿದ್ದು ಆರು ಪುಟ. ನಾಲ್ಕನೆಯದು ಬಂದಿಲ್ಲ, ಅಜ್ಜನ ಮಾತು ಅಲ್ಲಿಗೇ ಕಡಿದುಹೋಗಿದೆ. ಶುಕ್ರವಾರದವರೆಗೆ ಕಾಯಲಾರೆ, ಇವತ್ತೇ ಕಳುಹಿಸಿ.